ಬೂಸ್ಟು ಹಿಡಿದ ಹುಲ್ಲು, ಹೆಪ್ಪುಗಟ್ಟದ ರಕ್ತ ಮತ್ತು ದೊಡ್ಡಮ್ಮನ ಬಸಳೆ

ಕಳೆದ ಆಟಿ ತಿಂಗಳಲ್ಲಿ ದೊಡ್ಡಮ್ಮನ ಐಎನ್‌ಆರ್, ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ತೋರಿಸುವ ಸಂಖ್ಯೆ, 1.7ಕ್ಕೆ ಇಳಿದಿತ್ತು. ಇರಬೇಕಾದದ್ದು 2.5ರಿಂದ 3.5ರ ಒಳಗೆ. ಕಾಪುವಿನಿಂದ ಬಸ್ಸು ಹಿಡಿದು, ಮಳೆಯಲ್ಲಿ ಅರ್ಧ ನೆನೆದು ಮಂಗಳೂರಿಗೆ ಬಂದಿದ್ದರು. ಡಾಕ್ಟರು ರಿಪೋರ್ಟ್ ನೋಡಿದವರೇ ಕೇಳಿದರು, "ಮಾತ್ರೆ ತಪ್ಪಿಸಿದ್ದೀರಾ ಅಮ್ಮ?"

"ಇಲ್ಲಪ್ಪ. ದಿನಾ ಸಂಜೆ ದೀಪ ಹಚ್ಚಿದ ಕೂಡಲೇ ತೆಗೆದುಕೊಳ್ಳುತ್ತೇನೆ."

"ಹಾಗಾದರೆ ಸೊಪ್ಪು ಜಾಸ್ತಿ ತಿಂದಿರಾ?"

ದೊಡ್ಡಮ್ಮ ನನ್ನ ಮುಖ ನೋಡಿದರು. ಪತ್ರೊಡೆ ಮೂರು ಸಲ ಆಗಿತ್ತು. ತಜಂಕಿನ ಪಲ್ಯ, ಹರಿವೆ ಸಾಸಿವೆ ಬೇರೆ. ಹಿತ್ತಿಲ ಚಪ್ಪರದ ಬಸಳೆಯಂತೂ ವಾರಕ್ಕೆ ನಾಲ್ಕು ದಿನ. "ಆಟಿಯಲ್ಲಿ ಸೊಪ್ಪು ತಿನ್ನದೆ ಮತ್ತೆಂಥ ತಿನ್ನುವುದು ಡಾಕ್ಟ್ರೇ?" ಎಂದರು. ಡಾಕ್ಟರು ನಕ್ಕು, ಮಾತ್ರೆಯ ಲೆಕ್ಕ ಸ್ವಲ್ಪ ಬದಲಿಸಿ, ವಾರ ಬಿಟ್ಟು ಮತ್ತೆ ರಕ್ತ ಪರೀಕ್ಷೆ ಮಾಡಿಸಲು ಹೇಳಿದರು.

ದೊಡ್ಡಮ್ಮನಿಗೆ ಚಿಕ್ಕಂದಿನಲ್ಲಿ ಗಂಟುನೋವಿನ ಜ್ವರ ಬಂದಿತ್ತು. ಗಂಟಲು ಕೆಟ್ಟು ಆಮೇಲೆ ಬರುವ ರುಮ್ಯಾಟಿಕ್ ಜ್ವರ ಅದು. ಜ್ವರ ಹೋಯಿತು, ಹೃದಯದ ಮೈಟ್ರಲ್ ಕವಾಟವನ್ನು ಹಾಳು ಮಾಡಿ ಹೋಯಿತು. ಈಗ ಅಲ್ಲಿ ಇರುವುದು ಯಂತ್ರದ ಕವಾಟ. ರಾತ್ರಿ ಮನೆಯೆಲ್ಲ ಮೌನವಾದಾಗ ಪಕ್ಕದಲ್ಲಿ ಕುಳಿತರೆ ಟಿಕ್ ಟಿಕ್ ಎಂದು ಕೇಳಿಸುತ್ತದೆ. ಅದು ಹೊರಗಿನ ವಸ್ತು ಎಂಬುದು ರಕ್ತಕ್ಕೆ ಗೊತ್ತಾಗುತ್ತದೆ, ಅದರ ಮೇಲೆ ಹೆಪ್ಪುಗಟ್ಟಲು ನೋಡುತ್ತದೆ. ಹಾಗೆ ಗಟ್ಟಿಯಾದ ಒಂದು ಚೂರು ಕಳಚಿ ಮಿದುಳಿಗೆ ಹೋದರೆ ಲಕ್ವ. ಅದಕ್ಕೇ ವಾರ್ಫರಿನ್ ಮಾತ್ರೆ. ನಮ್ಮಲ್ಲಿ ಎಲ್ಲರೂ 'ರಕ್ತ ತೆಳು ಮಾಡುವ ಮಾತ್ರೆ' ಎನ್ನುತ್ತಾರೆ. ನಿಜವಾಗಿ ರಕ್ತವೇನೂ ನೀರಾಗುವುದಿಲ್ಲ. ಹೆಪ್ಪುಗಟ್ಟುವುದು ನಿಧಾನವಾಗುತ್ತದೆ, ಅಷ್ಟೇ.

ವಾಪಸು ಬರುವಾಗ ದೊಡ್ಡಮ್ಮ ಬಸ್ಸಿನಲ್ಲಿ ಕೇಳಿದರು: "ಬಸಳೆಗೂ ನನ್ನ ಹೃದಯಕ್ಕೂ ಎಂಥ ಸಂಬಂಧ?" ಮೂಲ್ಕಿ ದಾಟುವವರೆಗೆ ಏನೇನೋ ಹೇಳಿದೆ. ಅವರಿಗೂ ಅರ್ಥವಾಗಲಿಲ್ಲ, ನನಗೂ ಆಗಲಿಲ್ಲ. ಮನೆಗೆ ಬಂದು ಓದಿ ನೋಡಿದರೆ ಇದರ ಹಿಂದೆ ಇರುವುದು ಒಂದಲ್ಲ, ಮೂರು ಆಕಸ್ಮಿಕಗಳು. ಒಂದು ದನದ ಹಟ್ಟಿಯಲ್ಲಿ, ಇನ್ನೊಂದು ಕೋಳಿಮರಿಗಳ ಗೂಡಿನಲ್ಲಿ, ಮತ್ತೊಂದು ನಾಯಿಯ ಪಿತ್ತಜನಕಾಂಗದಲ್ಲಿ. ಮೂರೂ ಕಡೆ ಹುಡುಕಿದ್ದು ಒಂದು, ಸಿಕ್ಕಿದ್ದು ಇನ್ನೊಂದು.

ಹಟ್ಟಿಯಿಂದ ಶುರು ಮಾಡೋಣ.

1920ರ ದಶಕದಲ್ಲಿ ಕೆನಡಾ ಮತ್ತು ಅಮೆರಿಕದ ಉತ್ತರದ ಬಯಲುಗಳಲ್ಲಿ ದನಗಳು ವಿಚಿತ್ರವಾಗಿ ಸಾಯತೊಡಗಿದವು. ಕೊಂಬು ಕತ್ತರಿಸಿದರೆ ರಕ್ತ ನಿಲ್ಲುತ್ತಿರಲಿಲ್ಲ. ಹೋರಿಗೆ ಬೀಜ ಒಡೆದರೆ ಮರುದಿನ ಹೆಣ. ಕೆಲವಕ್ಕೆ ಗಾಯವೇ ಇಲ್ಲ, ಮೈಯೊಳಗೇ ರಕ್ತ ಸುರಿದು ಸಾಯುತ್ತಿದ್ದವು. ಸೋಂಕು ಇರಬಹುದು ಎಂದು ಎಲ್ಲರೂ ಅಂದುಕೊಂಡಿದ್ದರು. ಒಂಟಾರಿಯೋದ ಪಶುವೈದ್ಯ ಫ್ರಾಂಕ್ ಸ್ಕೋಫೀಲ್ಡ್ ಮಾತ್ರ ಮೇವಿನ ಕಡೆ ನೋಡಿದರು. ಆ ದನಗಳು ತಿನ್ನುತ್ತಿದ್ದದ್ದು ಸ್ವೀಟ್ ಕ್ಲೋವರ್ ಎಂಬ ಮೇವಿನ ಗಿಡ. ಬಡ ಮಣ್ಣಿನಲ್ಲೂ ಬೆಳೆಯುತ್ತದೆಂದು ರೈತರು ಹೊಸದಾಗಿ ಹಾಕಿದ್ದರು. ಆ ವರ್ಷಗಳಲ್ಲಿ ಮಳೆ ಜಾಸ್ತಿ. ಕೊಯ್ದ ಹುಲ್ಲು ಸರಿಯಾಗಿ ಒಣಗದೆ ಬೂಸ್ಟು ಹಿಡಿದಿತ್ತು.

ನಮ್ಮೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ನಮ್ಮ ಚಪ್ಪಲಿ, ಬೆಲ್ಟು, ಕಪಾಟಿನ ರೇಷ್ಮೆ ಸೀರೆ ಎಲ್ಲಕ್ಕೂ ಬೂಸ್ಟು. ಬೈಹುಲ್ಲಿನ ಕುತ್ರಿಗೆ ನೀರು ಇಳಿದರೆ ಒಳಗಿನ ಹುಲ್ಲು ಕಪ್ಪಾಗಿ ಕಮಟು ವಾಸನೆ ಬರುತ್ತದೆ. ಅಂಥದ್ದನ್ನು ಹಟ್ಟಿಗೆ ಹಾಕದೆ ತೆಂಗಿನ ಬುಡಕ್ಕೆ ಎಸೆಯುವವರು ನಾವು. ಅಲ್ಲಿನ ರೈತರಿಗೆ ಎಸೆಯುವಷ್ಟು ಅನುಕೂಲ ಇರಲಿಲ್ಲ.

ಸ್ಕೋಫೀಲ್ಡ್ ಮಾಡಿದ ಪ್ರಯೋಗ ಎಷ್ಟು ಸರಳ ಎಂದರೆ ಹೈಸ್ಕೂಲು ಮಕ್ಕಳೂ ಮಾಡಬಹುದಿತ್ತು. ಒಂದೇ ರಾಶಿಯಿಂದ ಒಳ್ಳೆಯ ಕಡ್ಡಿಗಳನ್ನೂ ಕೆಟ್ಟ ಕಡ್ಡಿಗಳನ್ನೂ ಬೇರೆ ಬೇರೆ ಆರಿಸಿದರು. ಒಂದು ಮೊಲಕ್ಕೆ ಒಳ್ಳೆಯದು, ಇನ್ನೊಂದಕ್ಕೆ ಕೆಟ್ಟದ್ದು. ಕೆಟ್ಟದ್ದು ತಿಂದ ಮೊಲ ರಕ್ತಸ್ರಾವದಿಂದ ಸತ್ತಿತು. ದೋಷ ಗಿಡದ್ದಲ್ಲ, ಬೂಸ್ಟಿನದ್ದು ಎಂದು ಅಲ್ಲಿಗೆ ತಿಳಿಯಿತು. (ಈ ಸ್ಕೋಫೀಲ್ಡ್ ಅದಕ್ಕೂ ಮೊದಲು ಕೊರಿಯಾದಲ್ಲಿದ್ದವರು. 1919ರಲ್ಲಿ ಜಪಾನಿ ಆಡಳಿತದ ವಿರುದ್ಧ ಅಲ್ಲಿನ ಜನ ಎದ್ದಾಗ ಫೋಟೋ ತೆಗೆದು ಹೊರಗಿನ ಲೋಕಕ್ಕೆ ತೋರಿಸಿದವರು. ಕಣ್ಣಿಗೆ ಬಿದ್ದದ್ದನ್ನು ಬಿಡುವ ಜಾತಿಯವರಲ್ಲ.)

ಕಾರಣ ಗೊತ್ತಾದರೂ ಬೂಸ್ಟಿನೊಳಗೆ ಇರುವುದು ಏನು ಎಂಬುದು ಗೊತ್ತಿರಲಿಲ್ಲ. ಹತ್ತು ವರ್ಷ ಹಾಗೆಯೇ ಕಳೆಯಿತು. 1933ರ ಫೆಬ್ರವರಿಯ ಒಂದು ಶನಿವಾರ, ವಿಸ್ಕಾನ್ಸಿನ್ ರಾಜ್ಯದ ಎಡ್ ಕಾರ್ಲ್‌ಸನ್ ಎಂಬ ರೈತ ಹಿಮದ ಬಿರುಗಾಳಿಯಲ್ಲಿ ಸುಮಾರು 300 ಕಿಲೋಮೀಟರ್ ಗಾಡಿ ಓಡಿಸಿಕೊಂಡು ಮ್ಯಾಡಿಸನ್ ಊರಿಗೆ ಬಂದ. ಗಾಡಿಯಲ್ಲಿ ಒಂದು ಸತ್ತ ಕಡಸು, ಸುಮಾರು 45 ಕಿಲೋ ಕೆಟ್ಟ ಹುಲ್ಲು, ಮತ್ತು ಹಾಲಿನ ಕ್ಯಾನಿನ ತುಂಬ ದನದ ರಕ್ತ. ಅದು ಹೆಪ್ಪುಗಟ್ಟಿರಲಿಲ್ಲ. ಸರ್ಕಾರಿ ಪಶುವೈದ್ಯರ ಕಚೇರಿಗೆ ಬೀಗ. ಅಲ್ಲಿ ಇಲ್ಲಿ ತಿರುಗಿ ಕೊನೆಗೆ ಅವನು ಹೊಕ್ಕಿದ್ದು ವಿಶ್ವವಿದ್ಯಾಲಯದ ಜೀವರಸಾಯನ ವಿಭಾಗ. ಅಲ್ಲಿದ್ದವರು ಕಾರ್ಲ್ ಪಾಲ್ ಲಿಂಕ್.

ಲಿಂಕ್ ಬಳಿ ಆ ದಿನ ಕೊಡಲು ಏನೂ ಇರಲಿಲ್ಲ. ಆ ಹುಲ್ಲು ಹಾಕಬೇಡ ಎಂದಷ್ಟೇ ಹೇಳಬಹುದಿತ್ತು, ಅದು ಕಾರ್ಲ್‌ಸನ್‌ಗೂ ಗೊತ್ತಿದ್ದದ್ದೇ. ಅವನು ಬಂದ ದಾರಿಯಲ್ಲೇ ವಾಪಸು ಹೋದ. ಆದರೆ ಹುಲ್ಲನ್ನೂ ರಕ್ತವನ್ನೂ ಅಲ್ಲೇ ಬಿಟ್ಟು ಹೋದ. ಆ ಕ್ಯಾನ್ ಇಟ್ಟುಕೊಂಡು ಪ್ರಯೋಗಶಾಲೆಯವರು ಆರು ವರ್ಷ ಕುಳಿತರು. 1939ರ ಜೂನ್‌ನಲ್ಲಿ ಲಿಂಕ್ ತಂಡದ ಹೆರಾಲ್ಡ್ ಕ್ಯಾಂಪ್‌ಬೆಲ್ ಕೈಗೆ ಆ ವಸ್ತುವಿನ ಹರಳುಗಳು ಸಿಕ್ಕಿದವು. ಎಷ್ಟು? ಕೆಲವೇ ಮಿಲಿಗ್ರಾಂ. ಹೆಸರು ಡೈಕುಮರಾಲ್.

ಒಣಹುಲ್ಲಿಗೆ ಒಂದು ಸಿಹಿ ಪರಿಮಳ ಇರುತ್ತದಲ್ಲ, ಸ್ವೀಟ್ ಕ್ಲೋವರ್‌ನಲ್ಲಿ ಅದು ಕುಮರಿನ್ ಎಂಬ ವಸ್ತುವಿನದ್ದು. ಕುಮರಿನ್ ರಕ್ತಕ್ಕೆ ಏನೂ ಮಾಡುವುದಿಲ್ಲ. ಬೂಸ್ಟು ಅದನ್ನು ಬದಲಿಸಿ, ಎರಡೆರಡನ್ನು ಜೋಡಿಸಿ ಡೈಕುಮರಾಲ್ ಮಾಡುತ್ತದೆ. ದನ ಸಾಯುವುದು ಅದರಿಂದ.

ಈಗ ಕೋಳಿಗಳ ಕಡೆ. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಹೆನ್ರಿಕ್ ಡ್ಯಾಮ್ ಎಂಬವರು 1929ರ ಸುಮಾರಿಗೆ ಕೊಲೆಸ್ಟ್ರಾಲ್ ಬಗ್ಗೆ ಕೆಲಸ ಮಾಡುತ್ತಿದ್ದರು. ಕೋಳಿಮರಿ ತಾನೇ ಕೊಲೆಸ್ಟ್ರಾಲ್ ತಯಾರಿಸಿಕೊಳ್ಳಬಲ್ಲದೇ ಎಂಬುದು ಅವರ ಪ್ರಶ್ನೆ. ಅದಕ್ಕಾಗಿ ಮೇವಿನಿಂದ ಜಿಡ್ಡನ್ನೆಲ್ಲ ತೆಗೆದು ಮರಿಗಳಿಗೆ ತಿನ್ನಿಸಿದರು. ಕೆಲವು ವಾರಗಳಲ್ಲಿ ಮರಿಗಳ ಚರ್ಮದಡಿ ರಕ್ತ ಇಳಿಯತೊಡಗಿತು. ಕೊಲೆಸ್ಟ್ರಾಲ್ ವಾಪಸು ಕೊಟ್ಟರೂ ನಿಲ್ಲಲಿಲ್ಲ. ಹಸಿರೆಲೆ, ಹಂದಿಯ ಲಿವರ್ ಕೊಟ್ಟರೆ ನಿಂತಿತು. ಜಿಡ್ಡಿನ ಜೊತೆ ಬೇರೆ ಏನೋ ಹೊರಟುಹೋಗಿತ್ತು. ಹೆಪ್ಪುಗಟ್ಟುವುದಕ್ಕೆ ಡ್ಯಾನಿಶ್ ಮತ್ತು ಜರ್ಮನ್ ಭಾಷೆಗಳಲ್ಲಿ ಇರುವ ಪದ ಕೆ ಅಕ್ಷರದಿಂದ ಶುರುವಾಗುತ್ತದೆ. 1935ರಲ್ಲಿ ಡ್ಯಾಮ್ ಅದಕ್ಕೆ ವಿಟಮಿನ್ ಕೆ ಎಂದು ಹೆಸರಿಟ್ಟರು. 1943ರ ನೊಬೆಲ್ ಅವರಿಗೆ ಮತ್ತು ಅಮೆರಿಕದ ಎಡ್ವರ್ಡ್ ಡೋಯ್ಸಿಗೆ ಬಂತು.

ಅಂದರೆ ಒಂದು ಕಡೆ ರಕ್ತ ನಿಲ್ಲದಂತೆ ಮಾಡುವ ವಿಷ, ಇನ್ನೊಂದು ಕಡೆ ರಕ್ತ ನಿಲ್ಲಿಸುವ ವಿಟಮಿನ್. ಇವೆರಡೂ ಒಂದೇ ಬಾಗಿಲಿನ ಎರಡು ಬದಿ ಎಂದು ತಿಳಿಯಲು ಇನ್ನೂ ಸಮಯ ಹಿಡಿಯಿತು. ದೊಡ್ಡಮ್ಮನ ಬಸಳೆಯ ಉತ್ತರ ಇರುವುದು ಇಲ್ಲೇ.

ಗಾಯವಾದಾಗ ಮೊದಲು ಪ್ಲೇಟ್‌ಲೆಟ್‌ಗಳು ಓಡಿಬಂದು ತೂತಿಗೆ ಅಂಟಿಕೊಳ್ಳುತ್ತವೆ. ಅದು ತಾತ್ಕಾಲಿಕ ಬಿರಡೆ. ಗಟ್ಟಿಯಾಗಿ ಮುಚ್ಚಲು ಬಲೆ ಬೇಕು. ದಕ್ಕೆಯಲ್ಲಿ ಬಲೆಯೊಳಗೆ ಮೀನು ಸಿಕ್ಕಿಕೊಂಡಿರುವುದನ್ನು ನೋಡಿದ್ದೀರಲ್ಲ, ಹೆಪ್ಪು ಎಂದರೆ ಹಾಗೇ. ಬಲೆಯ ನೂಲು ಫೈಬ್ರಿನ್ ಎಂಬ ಪ್ರೋಟೀನ್, ಸಿಕ್ಕಿಕೊಂಡ ಮೀನು ಕೆಂಪು ರಕ್ತಕಣ. ನೂಲು ಬಲೆಯಾಗಬೇಕಾದರೆ ಥ್ರಾಂಬಿನ್ ಬೇಕು. ಥ್ರಾಂಬಿನ್ ಸುಮ್ನೆ ರಕ್ತದಲ್ಲಿ ತಿರುಗಾಡುತ್ತಿದ್ದರೆ ಎಲ್ಲೆಂದರಲ್ಲಿ ಹೆಪ್ಪಾಗುತ್ತದೆ. ಹಾಗಾಗಿ ಅದು ನಿದ್ದೆ ಮಾಡಿಕೊಂಡು ಓಡಾಡುತ್ತದೆ, ಪ್ರೋಥ್ರಾಂಬಿನ್ ಎಂಬ ಹೆಸರಿನಲ್ಲಿ. ಗಾಯವಾದಲ್ಲಿ ಒಂದು ಪ್ರೋಟೀನ್ ಇನ್ನೊಂದನ್ನು ಎಬ್ಬಿಸುತ್ತಾ ಹೋಗಿ ಕೊನೆಗೆ ಇದನ್ನು ಎಬ್ಬಿಸುತ್ತದೆ.

ಈ ಸಾಲಿನಲ್ಲಿ ನಾಲ್ಕು ಪ್ರೋಟೀನ್‌ಗಳಿಗೆ, ಅಂದರೆ 2, 7, 9 ಮತ್ತು 10ನೇ ಅಂಶಗಳಿಗೆ, ವಿಟಮಿನ್ ಕೆ ಬೇಕೇ ಬೇಕು. ಇವು ತಯಾರಾಗುವುದು ಪಿತ್ತಜನಕಾಂಗದಲ್ಲಿ. ವಿಟಮಿನ್ ಕೆ ಅಲ್ಲಿ ಪ್ರತಿಯೊಂದಕ್ಕೂ ಕೊಕ್ಕೆ ಸಿಕ್ಕಿಸಿ ಕಳುಹಿಸುವಂತೆ ನೋಡಿಕೊಳ್ಳುತ್ತದೆ. ಆ ಕೊಕ್ಕೆ ಕ್ಯಾಲ್ಸಿಯಂ ಹಿಡಿಯುತ್ತದೆ, ಕ್ಯಾಲ್ಸಿಯಂ ಮೂಲಕ ಪ್ರೋಟೀನು ಗಾಯದ ಜಾಗಕ್ಕೆ ಅಂಟುತ್ತದೆ. ಕೊಕ್ಕೆ ಇಲ್ಲದಿದ್ದರೆ ಪ್ರೋಟೀನ್ ಇದ್ದೂ ಇಲ್ಲದ ಹಾಗೆ.

ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ದೋಣಿಯಲ್ಲಿ ದಾಟಿದವರಿಗೆ ಮುಂದಿನದು ಸುಲಭ. ದೋಣಿ ಜನರನ್ನು ಆಚೆ ದಡಕ್ಕೆ ಬಿಡುತ್ತದೆ, ಖಾಲಿಯಾಗಿ ಈಚೆ ಬರುತ್ತದೆ, ಮತ್ತೆ ತುಂಬಿಸಿಕೊಂಡು ಹೋಗುತ್ತದೆ. ವಿಟಮಿನ್ ಕೆ ಕೂಡ ಹೀಗೇ. ಒಂದು ಕೊಕ್ಕೆ ಸಿಕ್ಕಿಸಿದ ಮೇಲೆ ಅದರ ಶಕ್ತಿ ಮುಗಿಯುತ್ತದೆ, ಅದು ಆಚೆ ದಡದಲ್ಲಿ ನಿಂತಿರುತ್ತದೆ. ಒಂದು ಕಿಣ್ವ ಅದನ್ನು ಮತ್ತೆ ಈಚೆ ದಡಕ್ಕೆ ತರುತ್ತದೆ. ಹಾಗಾಗಿ ನಮಗೆ ದಿನಕ್ಕೆ ಸ್ವಲ್ಪವೇ ವಿಟಮಿನ್ ಕೆ ಸಾಕು, ಅದೇ ದೋಣಿಗಳು ಹೋಗಿ ಬಂದು ಮಾಡುತ್ತಿರುತ್ತವೆ. ಡೈಕುಮರಾಲ್ ಮತ್ತು ವಾರ್ಫರಿನ್ ಮಾಡುವುದೇನೆಂದರೆ, ಆ ಕಿಣ್ವವನ್ನು ತಡೆದು ದೋಣಿಗಳನ್ನು ಆಚೆ ದಡದಲ್ಲೇ ಕಟ್ಟಿಹಾಕುವುದು. ಈಚೆ ಜನ ಕಾಯುತ್ತಾ ನಿಂತಿರುತ್ತಾರೆ, ದಾಟಿಸುವವರಿಲ್ಲ.

ಇನ್ನು ಬಸಳೆ. ಹಸಿರೆಲೆಯಲ್ಲಿ ವಿಟಮಿನ್ ಕೆ ಜಾಸ್ತಿ ಇರುತ್ತದೆ, ಬಿಸಿಲಿನಿಂದ ಆಹಾರ ಮಾಡುವ ಕೆಲಸಕ್ಕೆ ಗಿಡಕ್ಕೂ ಅದು ಬೇಕು. ದೊಡ್ಡಮ್ಮ ವಾರಕ್ಕೆ ನಾಲ್ಕು ದಿನ ಬಸಳೆ ತಿಂದಾಗ ಹೊಸ ದೋಣಿಗಳ ಹಿಂಡೇ ಬಂದು ಇಳಿಯಿತು. ಹಳೆಯವು ಕಟ್ಟಿಹಾಕಿದಲ್ಲೇ ಇದ್ದರೂ ಕಡವು ಮತ್ತೆ ನಡೆಯತೊಡಗಿತು. ಐಎನ್‌ಆರ್ ಇಳಿಯಿತು. ಇಷ್ಟನ್ನು ನಾನು ಬಸ್ಸಿನಲ್ಲೇ ಹೇಳಬಹುದಿತ್ತು, ಹೊಳೆಯಲಿಲ್ಲ.

ಐಎನ್‌ಆರ್ ಎಂಬುದು ಒಂದು ಹೋಲಿಕೆಯ ಲೆಕ್ಕ. ಔಷಧ ತೆಗೆದುಕೊಳ್ಳದವರ ರಕ್ತದಲ್ಲಿ ಅದು ಸುಮಾರು 1. ಸಂಖ್ಯೆ ಏರಿದಷ್ಟೂ ಹೆಪ್ಪುಗಟ್ಟಲು ಹೆಚ್ಚು ಹೊತ್ತು. ತೀರಾ ಏರಿದರೆ ರಕ್ತಸ್ರಾವದ ಭಯ, ಇಳಿದರೆ ಹೆಪ್ಪಿನ ಭಯ. ಇನ್ನೊಂದು ವಿಷಯ: ಇವತ್ತು ಮಾತ್ರೆ ಬದಲಿಸಿದರೆ ನಾಳೆ ಬೆಳಿಗ್ಗೆ ಪೂರ್ತಿ ಗೊತ್ತಾಗುವುದಿಲ್ಲ. ಮೊದಲೇ ಕೊಕ್ಕೆ ಸಿಕ್ಕಿಸಿಕೊಂಡು ಹೊರಟ ಪ್ರೋಟೀನ್‌ಗಳು ರಕ್ತದಲ್ಲಿ ಇನ್ನೂ ಇರುತ್ತವೆ. 7ನೇ ಅಂಶ ಕೆಲವು ಗಂಟೆಗಳಲ್ಲಿ ಕಡಿಮೆಯಾಗುತ್ತದೆ, ಪ್ರೋಥ್ರಾಂಬಿನ್ ಕರಗಲು ದಿನಗಳೇ ಬೇಕು. ಒಂದು ವಾರ ಬಿಟ್ಟು ಬನ್ನಿ ಎಂದು ಡಾಕ್ಟರು ಹೇಳಿದ್ದು ಅದಕ್ಕೇ.

ದನ ಕೊಂದ ವಿಷ ಮನುಷ್ಯರ ಮಾತ್ರೆ ಆದದ್ದು ಇಲಿಗಳ ಮೂಲಕ. ಡೈಕುಮರಾಲನ್ನು 1941ರಿಂದಲೇ ರೋಗಿಗಳಿಗೆ ಕೊಡತೊಡಗಿದ್ದರು, ಆದರೆ ಅದರ ಕೆಲಸ ನಿಧಾನ, ಅಳತೆ ಸಿಗುವುದು ಕಷ್ಟ. 1945ರಲ್ಲಿ ಲಿಂಕ್‌ಗೆ ಕ್ಷಯ ಮರುಕಳಿಸಿ ಸ್ಯಾನಟೋರಿಯಂ ಸೇರಿದರು. ಮಲಗಿದಲ್ಲೇ ಇಲಿ ಕೊಲ್ಲುವ ವಿಧಾನಗಳ ಬಗ್ಗೆ ಓದಿದರು. ಕ್ಷಯ ರೋಗಿಗೆ ಓದಲು ಬೇರೆ ಏನೂ ಸಿಗಲಿಲ್ಲವೇ ಎಂದು ನನಗೆ ಆಶ್ಚರ್ಯ! ಅವರ ತಂಡ ಡೈಕುಮರಾಲ್‌ನ ಜಾತಿಯ ಎಷ್ಟೋ ವಸ್ತುಗಳನ್ನು ಮೊದಲೇ ತಯಾರಿಸಿಟ್ಟಿತ್ತು. ಅದರಲ್ಲಿ 42ನೆಯದು ಇಲಿಗೆ ಸರಿಹೋಯಿತು. ಕೆಲಸಕ್ಕೆ ಹಣ ಕೊಟ್ಟ ವಿಸ್ಕಾನ್ಸಿನ್ ಅಲಮ್ನಿ ರಿಸರ್ಚ್ ಫೌಂಡೇಶನ್‌ನ ಇಂಗ್ಲಿಷ್ ಮೊದಲಕ್ಷರಗಳು 'ವಾರ್ಫ್', ಅದಕ್ಕೆ ಕುಮರಿನ್ ಪದದ ಬಾಲ ಅಂಟಿಸಿ ವಾರ್ಫರಿನ್. 1948ರಲ್ಲಿ ಇಲಿ ಪಾಷಾಣವಾಗಿ ಪೇಟೆಗೆ ಬಂತು. ಇಲಿ ಬಲು ಚಾಲಾಕಿ. ತಿಂದ ಕೂಡಲೇ ಹೊಟ್ಟೆ ಕೆಟ್ಟರೆ ಮತ್ತೆ ಮುಟ್ಟುವುದಿಲ್ಲ. ವಾರ್ಫರಿನ್ ತಿಂದು ಸಾಯಲು ದಿನಗಳು ಬೇಕಾದ್ದರಿಂದ ಇಲಿಗೆ ಅನುಮಾನವೇ ಬರಲಿಲ್ಲ.

ಇಲಿ ಪಾಷಾಣವನ್ನು ರೋಗಿಗೆ ಕೊಡಲು ಯಾವ ಡಾಕ್ಟರಿಗೆ ಧೈರ್ಯ ಬರುತ್ತದೆ? 1951ರಲ್ಲಿ ಅಮೆರಿಕದ ಸೇನೆಗೆ ಸೇರಿದ್ದ ಯುವಕನೊಬ್ಬ ಜೀವ ಕಳೆದುಕೊಳ್ಳಲು ಹೊರಟು ಅದನ್ನು ದಿನಗಟ್ಟಲೆ ತಿಂದ. ಆಸ್ಪತ್ರೆಯಲ್ಲಿ ರಕ್ತ ಕೊಟ್ಟರು, ವಿಟಮಿನ್ ಕೆ ಕೊಟ್ಟರು, ಚೇತರಿಸಿಕೊಂಡ. ಕೋಪನ್‌ಹೇಗನ್ನಿನ ಕೋಳಿಮರಿಗಳಿಂದ ಸಿಕ್ಕ ವಸ್ತು ವಿಸ್ಕಾನ್ಸಿನ್ ಹುಲ್ಲಿನಿಂದ ಹುಟ್ಟಿದ ವಿಷವನ್ನು ಇಳಿಸಿತ್ತು. ಹಿಂದಕ್ಕೆ ತರಲು ದಾರಿ ಇರುವ ವಿಷ ಎಂದಾದ ಮೇಲೆ ವೈದ್ಯರ ಭಯ ಕಡಿಮೆಯಾಯಿತು. 1954ರಲ್ಲಿ ಮನುಷ್ಯರಿಗೆ ಕೊಡಲು ಒಪ್ಪಿಗೆ ಸಿಕ್ಕಿತು. ಮರುವರ್ಷ ಅಧ್ಯಕ್ಷ ಐಸೆನ್‌ಹೋವರ್ ಅವರಿಗೆ ಹೃದಯಾಘಾತವಾದಾಗ ಅವರಿಗೂ ಇದನ್ನೇ ಕೊಟ್ಟರು. ವಾರ್ಫರಿನ್ ಯಾವ ಕಿಣ್ವವನ್ನು ತಡೆಯುತ್ತದೆ ಎಂಬುದು ಸ್ಪಷ್ಟವಾದದ್ದು 1970ರ ದಶಕದಲ್ಲಿ, ಲಕ್ಷಾಂತರ ಜನ ಅದನ್ನು ನುಂಗಿದ ಮೇಲೆ.

ಮೂರನೆಯದನ್ನು ಬೇಗ ಹೇಳಿ ಮುಗಿಸುತ್ತೇನೆ. 1916ರಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಜೇ ಮೆಕ್‌ಲೀನ್ ಎಂಬ ವೈದ್ಯ ವಿದ್ಯಾರ್ಥಿ ಹೆಪ್ಪುಗಟ್ಟಿಸುವ ವಸ್ತುವನ್ನು ಹುಡುಕುತ್ತಿದ್ದ. ನಾಯಿಯ ಪಿತ್ತಜನಕಾಂಗದಿಂದ ತೆಗೆದ ಸಾರ ಉಲ್ಟಾ ಹೊಡೆಯಿತು, ಹೆಪ್ಪುಗಟ್ಟುವುದನ್ನೇ ತಡೆಯಿತು. ಪ್ರೊಫೆಸರ್ ವಿಲಿಯಂ ಹೊವೆಲ್ ನಂಬಲಿಲ್ಲ. ಬೆಕ್ಕಿನ ರಕ್ತಕ್ಕೆ ಅದನ್ನು ಬೆರೆಸಿ ಬೀಕರನ್ನು ಅವರ ಮೇಜಿನ ಮೇಲಿಟ್ಟು, ಹೆಪ್ಪಾದಾಗ ಹೇಳಿ ಎಂದು ಹೋದೆ, ಅದು ಹೆಪ್ಪಾಗಲೇ ಇಲ್ಲ ಎಂದು ಮೆಕ್‌ಲೀನ್ ಆಮೇಲೆ ನೆನೆಸಿಕೊಂಡಿದ್ದಾರೆ. ಆ ಜಾಡು ಹಿಡಿದು ಹೋಗಿ ಸಿಕ್ಕಿದ್ದು ಹೆಪಾರಿನ್. ಹೃದಯ ನಿಲ್ಲಿಸಿ ಆಪರೇಶನ್ ಮಾಡುವಾಗ ರಕ್ತವೆಲ್ಲ ಪ್ಲಾಸ್ಟಿಕ್ ಕೊಳವೆಗಳಲ್ಲಿ ಹರಿಯಬೇಕು, ಹೆಪಾರಿನ್ ಇಲ್ಲದೆ ಅದು ಸಾಧ್ಯವಿಲ್ಲ. ದೊಡ್ಡಮ್ಮನಿಗೆ ಕವಾಟ ಹಾಕುವ ದಿನ ಹೆಪಾರಿನ್ ಬೇಕಾಯಿತು, ಆಮೇಲಿನ ದಿನಗಳಿಗೆಲ್ಲ ವಾರ್ಫರಿನ್.

ಇಂಥ ಕಥೆ ಎಂದರೆ ಎಲ್ಲರಿಗೂ ಥಟ್ಟನೆ ನೆನಪಾಗುವುದು ಪೆನಿಸಿಲಿನ್. ಅಲ್ಲೂ ಬೂಸ್ಟೇ. 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ರಜೆ ಮುಗಿಸಿ ಬಂದು ಬೂಸ್ಟು ಬಿದ್ದ ತಟ್ಟೆ ನೋಡಿದ್ದು ಶಾಲೆಯ ಪುಸ್ತಕದಲ್ಲಿದೆ. ಅದನ್ನು ಚುಚ್ಚುಮದ್ದಾಗಿ ಮಾಡಿದ್ದು ಆಕ್ಸ್‌ಫರ್ಡ್‌ನ ಫ್ಲೋರಿ, ಚೈನ್, ಹೀಟ್ಲಿ. ಅಲ್ಲಿ ಮೊದಲು ಚಿಕಿತ್ಸೆ ಪಡೆದ ಪೊಲೀಸನಿಗೆ ಅದನ್ನು ಕೊಟ್ಟದ್ದು 1941ರಲ್ಲಿ. ಔಷಧ ಸಾಲದೆ ಅವನ ಮೂತ್ರದಿಂದ ಪೆನಿಸಿಲಿನ್ ವಾಪಸು ತೆಗೆದು ಚುಚ್ಚಿದರು, ಆದರೂ ಅವನು ಉಳಿಯಲಿಲ್ಲ. ತಟ್ಟೆಗೂ ಆ ಪೊಲೀಸನಿಗೂ ನಡುವೆ ಇರುವುದು 12 ವರ್ಷ. 'ಆಕಸ್ಮಿಕ' ಎಂಬ ಪದಕ್ಕೆ ನಾವು ಜಾಸ್ತಿ ಅಂಕ ಕೊಡುತ್ತೇವೆ ಎಂದು ನನಗೆ ಅನಿಸುವುದು ಇಂಥಲ್ಲಿ. ರಕ್ತ ನಿಲ್ಲದ ದನವನ್ನು ಎಷ್ಟೋ ರೈತರು ನೋಡಿದ್ದರು. ಆ ರಕ್ತವನ್ನು ಹಾಲಿನ ಕ್ಯಾನಿಗೆ ತುಂಬಿಸಿ ತಂದವನು ಕಾರ್ಲ್‌ಸನ್.

ವಿಟಮಿನ್ ಕೆ ಕಥೆಗೆ ಇನ್ನೊಂದು ಬಾಲ ಇದೆ. ಹುಟ್ಟಿದ ಮಗುವಿನ ಮೈಯಲ್ಲಿ ಅದು ತೀರಾ ಕಡಿಮೆ. ಗರ್ಭದಲ್ಲಿ ತಾಯಿಯಿಂದ ಹೆಚ್ಚು ದಾಟಿ ಬಂದಿರುವುದಿಲ್ಲ, ಎದೆಹಾಲಿನಲ್ಲೂ ಸ್ವಲ್ಪವೇ. ಮಿದುಳಿನಲ್ಲಿ ರಕ್ತಸ್ರಾವವಾಗುವ ಅಪಾಯ ಇರುವುದರಿಂದ ಹುಟ್ಟಿದ ಕೂಡಲೇ ತೊಡೆಗೆ ಒಂದು ಚುಚ್ಚುಮದ್ದು ಕೊಡುತ್ತಾರೆ. ಮೊಮ್ಮಗಳು ಹುಟ್ಟಿದಾಗ ನರ್ಸ್ ಹಾಗೆ ಕೊಟ್ಟದ್ದನ್ನು ದೊಡ್ಡಮ್ಮ ನೋಡಿ, ಇಷ್ಟು ಸಣ್ಣ ಕೂಸಿಗೆ ಸೂಜಿಯಾ ಎಂದು ಗೊಣಗಿದ್ದರು.

ಸೊಪ್ಪು ಬಿಡಬೇಕೇ? ಬೇಡ ಎಂದರು ಡಾಕ್ಟರು. ಒಂದು ವಾರ ಪತ್ರೊಡೆ, ಇನ್ನೊಂದು ವಾರ ಬರೀ ಗಂಜಿ ಉಪ್ಪಿನಕಾಯಿ, ಹೀಗೆ ಮಾಡಬಾರದು. ದಿನದಿಂದ ದಿನಕ್ಕೆ ಹೆಚ್ಚು ಕಡಿಮೆ ಒಂದೇ ಅಳತೆಯಲ್ಲಿ ತಿಂದರೆ ಮಾತ್ರೆಯನ್ನು ಅದಕ್ಕೆ ಹೊಂದಿಸಬಹುದು. ಮಾತ್ರೆಯ ಲೆಕ್ಕವನ್ನು ನಾವಾಗಿ ಬದಲಿಸುವುದು, ನೋವಿಗೆಂದು ಅಂಗಡಿಯಿಂದ ಬೇರೆ ಮಾತ್ರೆ ತಂದು ನುಂಗುವುದು ಮಾತ್ರ ಖಂಡಿತ ಕೂಡದು. ಹೊಸ ಮಾತ್ರೆಗಳು ಬಂದಿವೆ, ಅವಕ್ಕೆ ಸೊಪ್ಪಿನ ತಕರಾರು ಇಲ್ಲ. ಆದರೆ ಯಂತ್ರದ ಕವಾಟ ಇರುವವರಿಗೆ ಅವು ಆಗುವುದಿಲ್ಲ. ಈಗ ದೊಡ್ಡಮ್ಮ ಮಂಗಳವಾರ ಮತ್ತು ಶನಿವಾರ ಬಸಳೆ ಎಂದು ನಿಗದಿ ಮಾಡಿದ್ದಾರೆ, ಒಂದೊಂದು ಬಟ್ಟಲು. ಕ್ಯಾಲೆಂಡರಿನಲ್ಲಿ ಸಂಕಷ್ಟಿಯ ಪಕ್ಕ ಐಎನ್‌ಆರ್ ಸಂಖ್ಯೆ ಬರೆಯುತ್ತಾರೆ. ಕಳೆದ ಸಲ 2.9.

ಮೊನ್ನೆ ಹೋಗಿದ್ದಾಗ ತೆಂಗಿನಕಾಯಿ ಕೀಳುವವನು ಇಲಿ ಕೊರೆದ ಬೊಂಡಗಳನ್ನು ಅಂಗಳದಲ್ಲಿ ರಾಶಿ ಹಾಕಿದ್ದ. ಮರದ ತಲೆಯಲ್ಲಿ ಇಡಲು ಬ್ರೋಮಾಡಿಯೋಲೋನ್ ಬಿಲ್ಲೆ ತಂದಿದ್ದರು. ಅದೂ ವಾರ್ಫರಿನ್‌ನ ಮನೆತನದ್ದೇ, ಆದರೆ ಅದಕ್ಕಿಂತ ತುಂಬ ಜೋರು. ಪೊಟ್ಟಣ ಕೈಗೆ ಕೊಟ್ಟು ದೊಡ್ಡಮ್ಮ ಸಣ್ಣ ಅಕ್ಷರ ಓದಲು ಹೇಳಿದರು. ಓದಿದೆ: ವಿಷ ಇಳಿಸಲು ವಿಟಮಿನ್ ಕೆ1.

"ಹಾಗಾದರೆ ಇಲಿ ಬಸಳೆ ತಿಂದರೆ ಬದುಕುತ್ತದಾ?"

ಇದು ಮೈಯಲ್ಲಿ ವಾರಗಟ್ಟಲೆ ಉಳಿಯುತ್ತದೆ, ನಾಲ್ಕು ಎಲೆ ತಿಂದರೆ ಸಾಲದು ಎಂದೆ. ದೊಡ್ಡಮ್ಮನಿಗೆ ಪೂರ್ತಿ ನಂಬಿಕೆ ಬಂದ ಹಾಗೆ ಕಾಣಲಿಲ್ಲ.

"ಯಾವುದಕ್ಕೂ ಬಸಳೆ ಚಪ್ಪರದ ಹತ್ತಿರದ ಮರಕ್ಕೆ ಇಡುವುದು ಬೇಡ," ಎಂದು ಮರದ ಮೇಲಿದ್ದವನಿಗೆ ಕೂಗಿ ಹೇಳಿದರು.